ಊರಾಚೆ ಒಂದು ಪ್ರತಿ: ಸಣ್ಣ ಸಂಸ್ಥೆಗಳ ಸರ್ವರ್ ಮತ್ತು ಬ್ಯಾಕಪ್

ಹಾವೇರಿ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಿಂದ ಸೋಮವಾರ ಬೆಳಿಗ್ಗೆ ಫೋನ್ ಬಂತು. ಕಂಪ್ಯೂಟರ್ ತೆರೆದರೆ ಪ್ರತಿ ಕಡತದ ಹೆಸರಿನ ಕೊನೆಗೂ ಅರ್ಥವಿಲ್ಲದ ಅಕ್ಷರಗಳ ಬಾಲ ಅಂಟಿಕೊಂಡಿದೆ, ಒಂದೂ ತೆರೆಯುತ್ತಿಲ್ಲ ಎಂದರು. ಹುಬ್ಬಳ್ಳಿಯಿಂದ ಹೊರಟು ಮಧ್ಯಾಹ್ನದ ಹೊತ್ತಿಗೆ ಅಲ್ಲಿದ್ದೆ. ಊರಿನವರೆಲ್ಲ ಕಾಕಾ ಎಂದು ಕರೆಯುವ ಹಿರಿಯ ಗುಮಾಸ್ತರು ಅಷ್ಟೇನೂ ಗಾಬರಿಯಾಗಿರಲಿಲ್ಲ. "ಬ್ಯಾಕಪ್ ಇದೆಯಲ್ಲ ಸರ್, ದಿನಾ ಸಂಜೆ ತಪ್ಪದೆ ತೆಗೆಯುತ್ತೇನೆ" ಎಂದು ಕಂಪ್ಯೂಟರಿನ ಪಕ್ಕದಲ್ಲಿದ್ದ ಅಂಗೈಯಗಲದ ಕಪ್ಪು ಹಾರ್ಡ್ ಡಿಸ್ಕ್ ತೋರಿಸಿದರು. ಅದರ ನೀಲಿ ದೀಪ ಉರಿಯುತ್ತಿತ್ತು. ತಂತಿ ಎರಡು ವರ್ಷಗಳಿಂದ ಅದೇ ಕಂಪ್ಯೂಟರಿಗೆ ಸಿಕ್ಕಿಸಿದಲ್ಲೇ ಇತ್ತು. ಡಿಸ್ಕಿನೊಳಗೆ ಇಣುಕಿದರೆ ಅಲ್ಲಿನ ಕಡತಗಳಿಗೂ ಅದೇ ಬಾಲ.

ಬಂದದ್ದು ರ‍್ಯಾನ್ಸಮ್‌ವೇರ್. ಕಡತಗಳಿಗೆ ಬೀಗ ಜಡಿದು, ಬೀಗದ ಕೈ ಬೇಕಿದ್ದರೆ ಹಣ ಕೊಡಿ ಎನ್ನುವ ತಂತ್ರಾಂಶ. ಅದಕ್ಕೆ ಮೂಲ ಯಾವುದು, ನಕಲು ಯಾವುದು ಎಂಬ ಭೇದವಿಲ್ಲ. ಕೈಗೆ ಎಟುಕಿದ್ದಕ್ಕೆಲ್ಲ ಬೀಗ ಹಾಕುತ್ತದೆ. ಸಂಘದವರು ಹಣ ಕೊಡಲಿಲ್ಲ. ಲೆಕ್ಕಪರಿಶೋಧನೆಗೆಂದು ಮಾರ್ಚ್ 31ಕ್ಕೆ ಮುದ್ರಿಸಿಟ್ಟಿದ್ದ ಬಾಕಿ ಪಟ್ಟಿ, ಅಲ್ಲಿಂದೀಚಿನ ವೋಚರುಗಳ ಕಟ್ಟು, ಸದಸ್ಯರ ಪಾಸ್‌ಬುಕ್ಕುಗಳು, ಇವಿಷ್ಟನ್ನು ಮುಂದಿಟ್ಟುಕೊಂಡು ಕಾಕಾ ಮತ್ತು ಇಬ್ಬರು ಹುಡುಗರು ಹನ್ನೊಂದು ದಿನ ಕುಳಿತು ಲೆಕ್ಕವನ್ನು ಮತ್ತೆ ಕಟ್ಟಿದರು. ಕಾಗದ ಉಳಿದಿತ್ತು, ಹಾಗಾಗಿ ಲೆಕ್ಕ ಉಳಿಯಿತು.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ ನೆಲ ನಮ್ಮದು. ಇಲ್ಲಿ ಸಂಘ ಎಂದರೆ ಜನರ ನಂಬಿಕೆ, ಆ ನಂಬಿಕೆ ಕುಳಿತಿರುವುದು ಕಿರ್ದಿ ಖತಾವಣಿಯ ಮೇಲೆ. ಆ ಖತಾವಣಿ ಈಗ ಕಂಪ್ಯೂಟರಿನೊಳಗಿದೆ. ಹುಬ್ಬಳ್ಳಿ ಧಾರವಾಡದ ಶಾಲೆಗಳು, ಗದಗಿನ ಮುದ್ರಣಾಲಯಗಳು, ಬ್ಯಾಡಗಿಯ ದಲಾಲಿ ಅಂಗಡಿಗಳು, ಸಾಹಿತ್ಯ ಸಂಘಗಳು, ಸಣ್ಣ ದವಾಖಾನೆಗಳು, ಎಲ್ಲರದೂ ಇದೇ ಸ್ಥಿತಿ. ಇವರ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲಿಗೆ ಹೋದರೂ ಮೊದಲು ಬರುವ ಪ್ರಶ್ನೆ, "ಯಾವ ಕಂಪನಿಯ ಸರ್ವರ್ ಒಳ್ಳೆಯದು? ಎಷ್ಟಾಗುತ್ತದೆ?" ಆ ಪ್ರಶ್ನೆಯ ಸರದಿ ಬಹಳ ಆಮೇಲೆ ಬರಬೇಕು. ಕೆಟ್ಟ ದಿನ ಬಂದಾಗ ನಮ್ಮ ಲೆಕ್ಕವನ್ನು ಯಾರು, ಎಲ್ಲಿಂದ, ಯಾವ ಕೀಲಿಕೈಯಿಂದ, ಎಷ್ಟು ಹೊತ್ತಿನಲ್ಲಿ ವಾಪಸು ತರುತ್ತಾರೆ? ಇದಕ್ಕೆ ಉತ್ತರ ಕಂಡುಕೊಂಡು ಅಲ್ಲಿಂದ ಹಿಂದಕ್ಕೆ ನಡೆದುಬಂದರೆ ಸರ್ವರ್ ಯಾವುದು ಎಂಬುದು ತಾನಾಗಿ ತಿಳಿಯುತ್ತದೆ.

ಓಡುವ ಜಾಗ, ಉಳಿಯುವ ಜಾಗ

ಹೋಸ್ಟಿಂಗ್ ಎಂದರೆ ನಮ್ಮ ವೆಬ್‌ಸೈಟ್, ಲೆಕ್ಕದ ತಂತ್ರಾಂಶ, ಶಾಲೆಯ ಹಾಜರಾತಿ ವ್ಯವಸ್ಥೆ ಇವು ಓಡುವ ಕಂಪ್ಯೂಟರನ್ನು, ಅಂದರೆ ಸರ್ವರನ್ನು, ಬೇರೆಯವರ ಕಟ್ಟಡದಲ್ಲಿ ಬಾಡಿಗೆಗೆ ಪಡೆಯುವುದು. ಬ್ಯಾಕಪ್ ಎಂದರೆ ಆ ಕಂಪ್ಯೂಟರ್ ಸತ್ತರೂ ಉಳಿಯುವ ಇನ್ನೊಂದು ಪ್ರತಿ. ಇವೆರಡನ್ನೂ ಒಂದೇ ಎಂದು ಭಾವಿಸುವವರು ಬಹಳ. "ಕ್ಲೌಡ್‌ಗೆ ಹಾಕಿದ್ದೇವೆ, ಇನ್ನು ಬ್ಯಾಕಪ್ ಏಕೆ?" ಎಂದು ಓದಿದವರೇ ಕೇಳುತ್ತಾರೆ.

ಏಕೆ ಎಂಬುದಕ್ಕೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ನಡೆದದ್ದನ್ನು ನೋಡಬೇಕು. 2021ರ ಮಾರ್ಚ್ 10ರ ನಸುಕಿನಲ್ಲಿ ಅಲ್ಲಿ ಓವಿಎಚ್ ಕಂಪನಿಯ ಐದು ಅಂತಸ್ತಿನ ಡೇಟಾ ಸೆಂಟರ್ (ಸರ್ವರುಗಳನ್ನಿಡುವ ಕಟ್ಟಡ) ಒಂದು ಸುಟ್ಟುಹೋಯಿತು, ಪಕ್ಕದ ಕಟ್ಟಡಕ್ಕೂ ಹಾನಿಯಾಯಿತು. ಯುರೋಪಿನ ಅತಿ ದೊಡ್ಡ ಹೋಸ್ಟಿಂಗ್ ಕಂಪನಿಗಳಲ್ಲಿ ಅದು ಒಂದು. ಬೇರೆ ಊರಿನಲ್ಲಿ ಪ್ರತಿ ಇಟ್ಟುಕೊಂಡಿದ್ದ ಗ್ರಾಹಕರು ಚೇತರಿಸಿಕೊಂಡರು. ಅದೇ ಆವರಣದಲ್ಲಿ ಸರ್ವರನ್ನೂ ಬ್ಯಾಕಪ್ಪನ್ನೂ ಇಟ್ಟವರಲ್ಲಿ ಹಲವರು ಎರಡನ್ನೂ ಕಳೆದುಕೊಂಡರು. ಕ್ಲೌಡ್ ಎಂಬುದು ಎಲ್ಲೋ ಮೇಲಿರುವ ಮೋಡವಲ್ಲ. ಗೋಡೆ, ವೈರು, ಬ್ಯಾಟರಿ ಇರುವ ಕಟ್ಟಡ.

ಅಷ್ಟು ದೂರ ಹೋಗುವುದೂ ಬೇಡ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತು ಬೆಣ್ಣೆಹಳ್ಳ ಉಕ್ಕಿ ನರಗುಂದ, ರೋಣ, ನವಲಗುಂದದ ಕಡೆ ಊರೂರೇ ನೀರಿನಲ್ಲಿ ನಿಂತಿದ್ದವು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದು ರೈತರ ಸಿಟ್ಟು ಕಟ್ಟೆಯೊಡೆದಾಗ ಬ್ಯಾಡಗಿಯ ಎಪಿಎಂಸಿ ಕಚೇರಿಯ ಮೇಲೆ ಕಲ್ಲು ಬಿದ್ದವು, ವಾಹನಗಳು ಸುಟ್ಟವು. ಕಚೇರಿಯ ಕಂಪ್ಯೂಟರ್ ಮತ್ತು ಅದರ ಏಕೈಕ ನಕಲು ಒಂದೇ ಸೂರಿನಡಿ ಇದ್ದರೆ ನೀರಿಗೂ ಬೆಂಕಿಗೂ ಅವೆರಡೂ ಒಂದೇ ವಸ್ತು.

ಎರಡು ಅಂಕಿ ಬರೆದುಕೊಳ್ಳಿ

ಯಾವ ಮಾರಾಟಗಾರನನ್ನೂ ಕರೆಯುವ ಮೊದಲು ಸಂಸ್ಥೆಯ ನಾಲ್ಕು ಜನ ಕುಳಿತು ಎರಡು ಅಂಕಿಗಳನ್ನು ನಿರ್ಧರಿಸಬೇಕು. ಒಂದು, ಎಷ್ಟು ಹೊತ್ತಿನ ಕೆಲಸ ಅಳಿಸಿಹೋದರೆ ತಡೆದುಕೊಳ್ಳಬಲ್ಲೆವು. ಇನ್ನೊಂದು, ಎಷ್ಟು ಹೊತ್ತು ವ್ಯವಸ್ಥೆ ನಿಂತರೆ ತಡೆದುಕೊಳ್ಳಬಲ್ಲೆವು. ತಾಂತ್ರಿಕ ವಲಯದಲ್ಲಿ ಮೊದಲನೆಯದಕ್ಕೆ ಆರ್‌ಪಿಒ ಎಂದೂ ಎರಡನೆಯದಕ್ಕೆ ಆರ್‌ಟಿಒ ಎಂದೂ ಹೆಸರು. ಹೆಸರು ಮರೆತರೂ ನಡೆಯುತ್ತದೆ, ಅಂಕಿ ಮರೆಯಬಾರದು.

ಪತ್ತಿನ ಸಂಘಕ್ಕೆ ಒಂದು ದಿನದ ಲೆಕ್ಕ ಹೋದರೆ ವೋಚರು ನೋಡಿ ಮತ್ತೆ ಬರೆಯಬಹುದು, ಆದರೆ ಕೌಂಟರು ಎರಡನೆಯ ದಿನವೂ ಮುಚ್ಚಿದರೆ ಊರಿನಲ್ಲಿ ಮಾತು ಶುರುವಾಗುತ್ತದೆ. ಸುಗ್ಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯವರಿಗೆ ಒಂದು ಗಂಟೆಯ ನಮೂದು ಹೋದರೂ ಯಾರ ಚೀಲ ಎಷ್ಟಕ್ಕೆ ಹೋಯಿತು ಎಂಬುದು ಜಗಳಕ್ಕೆ ಬರುತ್ತದೆ. ಧಾರವಾಡದ ಒಂದು ಸಾಹಿತ್ಯ ಸಂಘದ ವೆಬ್‌ಸೈಟ್ ಮೂರು ದಿನ ನಿಂತರೆ ಯಾರಿಗೂ ತೊಂದರೆಯಿಲ್ಲ. ಆದರೆ ಅವರ ಬಳಿ ಇರುವ ಹಳೆಯ ಧ್ವನಿಮುದ್ರಣ, ಛಾಯಾಚಿತ್ರ ಒಂದೇ ಒಂದು ಹೋದರೂ ಮತ್ತೆ ಹುಟ್ಟುವುದಿಲ್ಲ. ಮೂವರಿಗೂ ಬೇಕಾದದ್ದು ಬೇರೆ ಬೇರೆ. ಮೊದಲಿನವರು ದಿನಕ್ಕೊಮ್ಮೆ ಪ್ರತಿ ತೆಗೆದು, ಬೇಗ ಮೇಲೇಳುವ ಏರ್ಪಾಡಿಗೆ ಹಣ ಹಾಕಬೇಕು. ಎರಡನೆಯವರಿಗೆ ಗಂಟೆಗೊಮ್ಮೆ ಪ್ರತಿ ಬೇಕು. ಮೂರನೆಯವರು ಅಗ್ಗದ ಹೋಸ್ಟಿಂಗ್ ತೆಗೆದುಕೊಂಡು ಉಳಿದ ಹಣವನ್ನೆಲ್ಲ ಪ್ರತಿಗಳ ಸಂಖ್ಯೆಗೆ ಹಾಕಬೇಕು. ಒಬ್ಬರಿಗೆ ಹೊಂದಿದ ಪ್ಯಾಕೇಜನ್ನು ಇನ್ನೊಬ್ಬರು ನೋಡಿ ಕೊಂಡುಕೊಳ್ಳುವುದರಲ್ಲೇ ನಮ್ಮ ಕಡೆ ಅರ್ಧ ಹಣ ಹಾಳಾಗುತ್ತಿದೆ.

ಯಾವ ಬಗೆಯ ಬಾಡಿಗೆ?

ಹಂಚಿಕೆಯ ಹೋಸ್ಟಿಂಗ್ ಎಂದರೆ ವಠಾರದ ಮನೆ. ಒಂದೇ ಸರ್ವರಿನಲ್ಲಿ ನೂರಾರು ವೆಬ್‌ಸೈಟುಗಳಿರುತ್ತವೆ, ದುರಸ್ತಿ ಮಾಲೀಕರದು, ಬಾಡಿಗೆ ಕಡಿಮೆ. ಶಾಲೆ, ಸಂಘ, ಅಂಗಡಿಯ ಸಾಮಾನ್ಯ ವೆಬ್‌ಸೈಟಿಗೆ ಇದು ಸಾಕು. ಎರಡು ವಿಷಯ ನೋಡಿಕೊಳ್ಳಿ. ಮೊದಲ ವರ್ಷದ ದರ ಕಡಿಮೆಯಿದ್ದು ನವೀಕರಣದ ದರ ಅದರ ಎರಡು ಮೂರು ಪಟ್ಟು ಇರುವುದುಂಟು, ಮೇಲೆ 18 ಶೇಕಡಾ ಜಿಎಸ್‌ಟಿ. ಇನ್ನು "ಅನ್‌ಲಿಮಿಟೆಡ್" ಎಂದು ದೊಡ್ಡದಾಗಿ ಬರೆದಿದ್ದರೂ ಕಡತಗಳ ಸಂಖ್ಯೆಗೆ ಮಿತಿ ಇರುತ್ತದೆ. ಅದನ್ನು ಷರತ್ತುಗಳ ಪುಟದಲ್ಲಿ ಹುಡುಕಬೇಕು.

ವಿಪಿಎಸ್ (ವರ್ಚುವಲ್ ಪ್ರೈವೇಟ್ ಸರ್ವರ್) ಎಂದರೆ ಬೇರೆ ಬಾಗಿಲಿನ ಮನೆ. ಜಾಗ ನಿಮ್ಮದೇ, ಸ್ವಾತಂತ್ರ್ಯ ಹೆಚ್ಚು, ದರವೂ ಈಗ ಕೈಗೆಟುಕುವಂತಿದೆ. ಆದರೆ ನಲ್ಲಿ ಸೋರಿದರೆ ನೀವೇ ಸರಿಮಾಡಬೇಕು. ಭದ್ರತೆಯ ಹೊಸ ಪ್ಯಾಚುಗಳನ್ನು ಹಾಕುವುದು, ಬೇಡದ ಬಾಗಿಲುಗಳನ್ನು ಮುಚ್ಚುವುದು, ರಾತ್ರಿ ಸರ್ವರ್ ಬಿದ್ದರೆ ಎಬ್ಬಿಸುವುದು ಎಲ್ಲ ನಿಮ್ಮ ತಲೆಗೆ. ಈ ಕೆಲಸಕ್ಕೆಂದು ಒಬ್ಬ ಮನುಷ್ಯ ಇಲ್ಲದ ಸಂಸ್ಥೆಗೆ ನಾನು ವಿಪಿಎಸ್ ಬೇಡ ಎಂದೇ ಹೇಳುತ್ತೇನೆ. ಮಗನ ಗೆಳೆಯ ಒಂದು ಭಾನುವಾರ ಕುಳಿತು ಹಾಕಿಕೊಟ್ಟ ಸರ್ವರ್ ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಬಾಗಿಲು ತೆರೆದುಕೊಂಡು ನಿಂತಿದ್ದನ್ನು ಹುಬ್ಬಳ್ಳಿಯಲ್ಲೇ ನೋಡಿದ್ದೇನೆ. ದುರಸ್ತಿಯ ಹೊಣೆಯನ್ನೂ ಹೊರುವ ಮ್ಯಾನೇಜ್ಡ್ ಹೋಸ್ಟಿಂಗ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ಅದು ದಂಡವಲ್ಲ.

ಇಡೀ ಸರ್ವರನ್ನೇ ಬಾಡಿಗೆಗೆ ಪಡೆಯುವುದು, ಸ್ವಂತ ಯಂತ್ರವನ್ನು ಡೇಟಾ ಸೆಂಟರಿನಲ್ಲಿ ಇಡುವುದು ಇವು ದೊಡ್ಡವರ ದಾರಿ. ಮಿಂಚಂಚೆಗೆ ಸ್ವಂತ ಸರ್ವರ್ ನಡೆಸುವ ಸಾಹಸ ಬೇಡವೇ ಬೇಡ. ಜೋಹೊ, ಗೂಗಲ್, ಮೈಕ್ರೋಸಾಫ್ಟ್ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ.

ಸರ್ವರ್ ಯಾವ ಊರಿನಲ್ಲಿರಬೇಕು? ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಮೈಕ್ರೋಸಾಫ್ಟ್‌ಗೆ ಪುಣೆ, ಮುಂಬೈ, ಚೆನ್ನೈಗಳಲ್ಲಿ ಇವೆ. ಗೂಗಲ್‌ಗೆ ಮುಂಬೈ ಮತ್ತು ದೆಹಲಿಯಲ್ಲಿ, ಡಿಜಿಟಲ್ ಓಷನ್‌ಗೆ ಬೆಂಗಳೂರಿನಲ್ಲಿ ಇವೆ. ಇಲ್ಲಿಂದ ಮುಂಬೈಗೋ ಬೆಂಗಳೂರಿಗೋ ಮಾಹಿತಿ ಹೋಗಿಬರಲು ಕೆಲವೇ ಹತ್ತು ಮಿಲಿಸೆಕೆಂಡು ಸಾಕು, ಅಮೆರಿಕಕ್ಕಾದರೆ 200 ದಾಟುತ್ತದೆ. ಒಂದು ಪುಟ ತೆರೆಯಲು ಹತ್ತಾರು ಬಾರಿ ಹೋಗಿಬರಬೇಕಾದ್ದರಿಂದ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಾನೂನಿನ ಮಾತೂ ಇದೆ. ಕಂಪನಿ ಕಾಯ್ದೆಯಡಿ ನೋಂದಣಿಯಾದವರು ಲೆಕ್ಕಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಇಟ್ಟಿದ್ದರೆ, ಅವುಗಳ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನ ಇರಬೇಕು ಎಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಗಿದೆ. ನಮ್ಮ ಭಾಗದ ರೈತ ಉತ್ಪಾದಕ ಕಂಪನಿಗಳು ಹೆಸರಿಗೆ ರೈತರ ಸಂಘದಂತೆ ಕಂಡರೂ ಕಾನೂನಿನ ಕಣ್ಣಿಗೆ ಕಂಪನಿಗಳೇ. ಅವುಗಳ ನಿರ್ದೇಶಕರಲ್ಲಿ ಈ ನಿಯಮ ಗೊತ್ತಿರುವವರು ನನಗೆ ಅಪರೂಪಕ್ಕೆ ಸಿಗುತ್ತಾರೆ.

"ಶೇಕಡಾ 99.9ರಷ್ಟು ಹೊತ್ತು ಸರ್ವರ್ ಓಡುತ್ತದೆ" ಎಂಬ ಭರವಸೆಯನ್ನು ಬಿಡಿಸಿ ನೋಡಿದರೆ ತಿಂಗಳಿಗೆ ಸುಮಾರು 43 ನಿಮಿಷ ನಿಲ್ಲಬಹುದು ಎಂದರ್ಥ. ಶೇಕಡಾ 99 ಎಂದರೆ ಏಳು ಗಂಟೆಗೂ ಹೆಚ್ಚು. ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಕೊಡುವ ಪರಿಹಾರ ಸಾಮಾನ್ಯವಾಗಿ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿತ ಮಾತ್ರ. ಕಳೆದುಹೋದ ಕಡತಕ್ಕೆ ಆ ಭರವಸೆಯಲ್ಲಿ ಜಾಗವಿಲ್ಲ.

ಲೆಕ್ಕದ ತಂತ್ರಾಂಶವನ್ನೇ ತಮ್ಮ ಸರ್ವರಿನಲ್ಲಿ ನಡೆಸಿಕೊಡುವ ಮಾರಾಟಗಾರರಿದ್ದಾರೆ. ಸಣ್ಣ ಸಂಘಗಳಿಗೆ ಇದು ಅನುಕೂಲವೇ. ಆದರೆ 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆದು, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತ್ತು. ಆ ಬ್ಯಾಂಕುಗಳ ತಪ್ಪೇನೂ ಇರಲಿಲ್ಲ. ಹಾಗಾಗಿ ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿ: ನಮ್ಮ ಪೂರ್ತಿ ಲೆಕ್ಕವನ್ನು ವಾರಕ್ಕೊಮ್ಮೆ, ಬೇರೆ ತಂತ್ರಾಂಶದಲ್ಲೂ ತೆರೆಯುವ ರೂಪದಲ್ಲಿ, ನಾವೇ ಇಳಿಸಿಕೊಳ್ಳಬಹುದೇ? ಆಗುವುದಿಲ್ಲ ಎಂದರೆ ಎದ್ದು ಬನ್ನಿ.

ಪ್ರತಿಗಳ ಲೆಕ್ಕ

ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಊರಾಚೆ. ಈ ಸೂತ್ರವನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು. ನಮಗೆ ಇದು ಹೊಸದೇನಲ್ಲ. ವಚನಗಳ ಓಲೆಗರಿಗಳು ಬೇರೆ ಬೇರೆ ಮಠಗಳಲ್ಲಿ, ಮನೆಗಳ ಜಗಲಿಗಳಲ್ಲಿ ಹಲವು ಪ್ರತಿಗಳಾಗಿ ಹರಡಿಕೊಂಡಿದ್ದವು. ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು. ಎಲ್ಲ ಕಟ್ಟುಗಳೂ ಒಂದೇ ಮನೆಯ ಒಂದೇ ಅಟ್ಟದಲ್ಲಿದ್ದಿದ್ದರೆ ಗೆದ್ದಲಿಗೆ ಒಂದು ಮಳೆಗಾಲ ಸಾಕಾಗುತ್ತಿತ್ತು.

ಕಚೇರಿಯ ಕಂಪ್ಯೂಟರಿನಲ್ಲಿರುವುದು ಮೊದಲ ಪ್ರತಿ. ಎರಡನೆಯದು ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಕ್ಲೌಡ್‌ನಲ್ಲಿ. ಡಿಸ್ಕಿನ ವಿಷಯದಲ್ಲಿ ನಾನು ಎಲ್ಲರಿಗೂ ಹೇಳುವ ಏರ್ಪಾಡು ಸರಳ. ಎರಡು ಡಿಸ್ಕ್ ಕೊಳ್ಳಿ, ಮೇಲೆ ಕೆಂಪು ಮತ್ತು ಹಸಿರು ಪಟ್ಟಿ ಅಂಟಿಸಿ. ಒಂದು ವಾರ ಕೆಂಪು, ಮುಂದಿನ ವಾರ ಹಸಿರು. ಪ್ರತಿ ತೆಗೆದ ಕೂಡಲೇ ತಂತಿ ಕಿತ್ತು ಡಿಸ್ಕನ್ನು ಬೇರೆ ಕಟ್ಟಡಕ್ಕೆ ಕಳಿಸಿ. ಹುಬ್ಬಳ್ಳಿಯಲ್ಲೂ ಧಾರವಾಡದಲ್ಲೂ ಶಾಖೆಯಿರುವ ಒಂದು ಶಿಕ್ಷಣ ಸಂಸ್ಥೆಯಲ್ಲಿ ಶನಿವಾರ ಮಧ್ಯಾಹ್ನ ಜವಾನರು ಡಿಸ್ಕನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಒಯ್ಯುತ್ತಾರೆ, ಅಲ್ಲಿದ್ದದ್ದನ್ನು ಇಲ್ಲಿಗೆ ತರುತ್ತಾರೆ. ಸುಮಾರು 20 ಕಿಲೋಮೀಟರಿನ ಆ ದೂರ ಬೆಂಕಿಗೆ, ಕಳ್ಳತನಕ್ಕೆ, ನುಗ್ಗಿದ ನೀರಿಗೆ ಸಾಕು. ಕಿತ್ತಿಟ್ಟ ತಂತಿ ರ‍್ಯಾನ್ಸಮ್‌ವೇರಿಗೆ ಸಾಕು. ಪೆನ್‌ಡ್ರೈವನ್ನಾಗಲಿ ಎಸ್‌ಎಸ್‌ಡಿಯನ್ನಾಗಲಿ ವರ್ಷಗಟ್ಟಲೆ ಕಪಾಟಿನಲ್ಲಿಟ್ಟು ಅದನ್ನೇ ನಂಬಬೇಡಿ. ವಿದ್ಯುತ್ ಸಿಗದೆ ಬಹುಕಾಲ ಬಿದ್ದಿದ್ದರೆ ಅವುಗಳಲ್ಲಿನ ಬರಹ ಮಾಸಬಹುದು.

ಬ್ಯಾಕಪ್ಪಿನಂತೆ ಕಾಣುವ ಆದರೆ ಬ್ಯಾಕಪ್ ಅಲ್ಲದ ಎರಡು ವಸ್ತುಗಳಿವೆ. ಒಂದು, ಗೂಗಲ್ ಡ್ರೈವ್‌ನಂಥ ಸಿಂಕ್ ಸೇವೆ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲೂ ಕೆಡುತ್ತದೆ. ಕಸದ ಬುಟ್ಟಿಯಲ್ಲಿ ಕೆಲವು ದಿನ ಉಳಿದಿರಬಹುದು, ಅಷ್ಟೇ. ಇನ್ನೊಂದು, ಸರ್ವರಿನೊಳಗಿನ ಜೋಡಿ ಡಿಸ್ಕುಗಳ ರೇಡ್ ವ್ಯವಸ್ಥೆ. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ಅದರ ಕೆಲಸ. ತಪ್ಪಿ ಅಳಿಸಿದ ಖಾತೆಯನ್ನು ಅದು ಎರಡೂ ಡಿಸ್ಕಿನಿಂದ ಒಟ್ಟಿಗೆ ಅಳಿಸುತ್ತದೆ.

ನಿಜವಾದ ಬ್ಯಾಕಪ್ಪಿಗೆ ಹಿಂದಕ್ಕೆ ನಡೆಯುವ ಶಕ್ತಿ ಇರಬೇಕು. ನಿನ್ನೆಯದು, ಹೋದ ವಾರದ್ದು, ಆರು ತಿಂಗಳ ಹಿಂದಿನದು, ಕೇಳಿದ್ದು ಸಿಗಬೇಕು. ಏಕೆಂದರೆ ಲೆಕ್ಕದಲ್ಲಿ ಆದ ತಪ್ಪು ಎಷ್ಟೋ ಸಲ ಲೆಕ್ಕಪರಿಶೋಧಕರು ಬಂದಾಗಲೇ ಕಣ್ಣಿಗೆ ಬೀಳುತ್ತದೆ. ಕೊನೆಯ ಏಳು ದಿನಗಳದ್ದು, ನಾಲ್ಕು ವಾರಗಳದ್ದು, ಹನ್ನೆರಡು ತಿಂಗಳುಗಳದ್ದು ಇಟ್ಟುಕೊಂಡರೆ ಬಹುತೇಕ ಸಂಸ್ಥೆಗಳಿಗೆ ಸಾಲುತ್ತದೆ. ರೆಸ್ಟಿಕ್, ಡ್ಯುಪ್ಲಿಕಾಟಿಯಂಥ ಉಚಿತ ತಂತ್ರಾಂಶಗಳು ಬದಲಾದ ಭಾಗವನ್ನಷ್ಟೇ ಕಳಿಸುತ್ತವೆ, ಒಮ್ಮೆ ಹೊಂದಿಸಿಟ್ಟರೆ ಇದನ್ನು ತಾವಾಗಿಯೇ ಮಾಡುತ್ತವೆ. ಟ್ಯಾಲಿ ಬಳಸುವವರು ಅದು ತೆರೆದಿರುವಾಗಲೇ ಫೋಲ್ಡರನ್ನು ನಕಲು ಮಾಡಬಾರದು. ಅರ್ಧ ಬರೆದ ಕಡತ ನಕಲಾಗುವ ಅಪಾಯವಿದೆ. ಅದರದೇ ಬ್ಯಾಕಪ್ ಆಯ್ಕೆಯಿಂದ ಪ್ರತಿ ತೆಗೆದು, ಆ ಪ್ರತಿಯನ್ನು ಹೊರಗೆ ಕಳಿಸಬೇಕು.

ಕಳಿಸುವುದಕ್ಕೂ ಹೊತ್ತು ಬೇಕು. ಕಚೇರಿಯ ಇಂಟರ್ನೆಟ್ ಸಂಪರ್ಕದ ಜಾಹೀರಾತಿನಲ್ಲಿರುವುದು ಹೆಚ್ಚಾಗಿ ಇಳಿಸಿಕೊಳ್ಳುವ ವೇಗ. ಏರಿಸುವ ವೇಗ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ಎಂದಿಟ್ಟುಕೊಂಡರೆ, ಗದಗಿನ ಒಂದು ಮುದ್ರಣಾಲಯದ 500 ಜಿಬಿ ವಿನ್ಯಾಸ ಕಡತಗಳು ಮೊದಲ ಸಲ ಮೇಲೇರಲು 55 ಗಂಟೆಗೂ ಹೆಚ್ಚು ಬೇಕು. 100 ಎಂಬಿಪಿಎಸ್ ಇದ್ದರೆ 11 ಗಂಟೆ. ನಡುವೆ ಕರೆಂಟು ಹೋಗುತ್ತದೆ, ಹೆಸ್ಕಾಂನವರು ದುರಸ್ತಿಗೆಂದು ಲೈನು ತೆಗೆಯುತ್ತಾರೆ. ಆದ್ದರಿಂದ ನಿಂತಲ್ಲಿಂದ ಮುಂದುವರಿಯುವ ತಂತ್ರಾಂಶವೇ ಬೇಕು, ಮೊದಲ ಏರಿಕೆಯನ್ನು ಶನಿವಾರ ಸಂಜೆ ಶುರುಮಾಡಬೇಕು. ಆಮೇಲಿನ ದಿನಗಳಲ್ಲಿ ಬದಲಾದದ್ದು ಮಾತ್ರ ಹೋಗುವುದರಿಂದ ಕೆಲವು ನಿಮಿಷ ಸಾಕು.

ವಾಪಸು ತರುವಾಗಿನ ಬೆಲೆಯನ್ನು ಯಾರೂ ಕೇಳುವುದಿಲ್ಲ. ಅಮೆಜಾನ್‌ನ ಮುಂಬೈ ಕೇಂದ್ರದ ಸಾಮಾನ್ಯ ಸಂಗ್ರಹದಲ್ಲಿ ಒಂದು ಜಿಬಿ ಇಡಲು ತಿಂಗಳಿಗೆ ಸುಮಾರು ಎರಡೂವರೆ ಸೆಂಟ್. ಅದನ್ನು ಹೊರಗೆ ಇಳಿಸಿಕೊಳ್ಳಲು, ತಿಂಗಳಿಗೆ ಮೊದಲ 100 ಜಿಬಿ ಬಿಟ್ಟು, ಜಿಬಿಗೆ ಸುಮಾರು ಹನ್ನೊಂದು ಸೆಂಟ್. ಮುದ್ರಣಾಲಯದ ಆ 500 ಜಿಬಿಗೆ 40 ಡಾಲರಿನ ಮೇಲಾಯಿತು. ಕೆಟ್ಟ ದಿನದಲ್ಲಿ ಇದು ದೊಡ್ಡ ಮೊತ್ತವೇನಲ್ಲ, ಆದರೆ ಮೊದಲೇ ಗೊತ್ತಿರಬೇಕು. ಅಮೆಜಾನ್‌ನದೇ ಡೀಪ್ ಆರ್ಕೈವ್‌ನಂಥ ಅತಿ ಅಗ್ಗದ ಸಂಗ್ರಹಗಳಲ್ಲಿ ಕೇಳಿದ ಕಡತ ಕೈಗೆ ಬರಲು 12 ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಯಬೇಕಾಗಬಹುದು, 180 ದಿನಕ್ಕಿಂತ ಮೊದಲು ಅಳಿಸಿದರೂ ಅಷ್ಟು ದಿನದ ಬಾಡಿಗೆ ಬೀಳುತ್ತದೆ. ಹಳೆಯ ಛಾಯಾಚಿತ್ರಗಳಿಗೆ ಅದು ಸರಿ, ಕೌಂಟರು ತೆರೆಯಬೇಕಾದ ಸಂಘಕ್ಕೆ ಸರಿಯಲ್ಲ.

ಇನ್ನೊಂದು ಜಾಗ್ರತೆ. ಕಂಪ್ಯೂಟರಿಗೆ ನುಗ್ಗಿದವರ ಕೈಗೆ ಕ್ಲೌಡ್ ಖಾತೆಯ ಪಾಸ್‌ವರ್ಡೂ ಸಿಕ್ಕರೆ ಅಲ್ಲಿನ ಪ್ರತಿಗಳನ್ನೂ ಅಳಿಸುತ್ತಾರೆ. ಇಂತಿಷ್ಟು ದಿನ ಯಾರೂ, ಸ್ವತಃ ಮಾಲೀಕರೂ, ಅಳಿಸಲಾಗದಂತೆ ಪ್ರತಿಗೆ ಬೀಗ ಹಾಕುವ ಆಬ್ಜೆಕ್ಟ್ ಲಾಕ್ ಎಂಬ ಸೌಲಭ್ಯ ಈಗ ಹಲವು ಕಡೆ ಇದೆ. ಕ್ಲೌಡ್ ಆರಿಸುವಾಗ ನಾನು ದರಕ್ಕಿಂತ ಮೊದಲು ಇದನ್ನು ನೋಡುತ್ತೇನೆ. ಮೂವತ್ತು ದಿನದ ಬೀಗ ಹಾಕಿದ ಒಂದು ಪ್ರತಿ ಕ್ಲೌಡ್‌ನಲ್ಲಿ ಇದ್ದಿದ್ದರೆ ಹಾವೇರಿಯ ಆ ಹನ್ನೊಂದು ದಿನಗಳ ಕಷ್ಟ ಬರುತ್ತಿರಲಿಲ್ಲ.

ಕೀಲಿಕೈ ಯಾರ ಹೆಸರಿನಲ್ಲಿದೆ?

ಹೊರಗೆ ಹೋಗುವ ಪ್ರತಿ ಗೂಢಲಿಪಿಯಲ್ಲೇ ಹೋಗಬೇಕು. ಅದರಲ್ಲಿ ಸದಸ್ಯರ ಆಧಾರ್ ನಕಲು, ಮಕ್ಕಳ ಜನ್ಮದಿನಾಂಕ, ರೋಗಿಗಳ ವರದಿ ಇರುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯಲ್ಲಿ ತಕ್ಕ ಭದ್ರತೆ ವಹಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ದಂಡ ಇರಲಿ ಬಿಡಲಿ, ನಂಬಿ ಕೊಟ್ಟವರ ಗುಟ್ಟು ಅದು. ಆದರೆ ಗೂಢಲಿಪಿಯ ಪಾಸ್‌ವರ್ಡ್ ಕಳೆದರೆ ರೆಸ್ಟಿಕ್‌ನಲ್ಲಿಟ್ಟ ಪ್ರತಿಯನ್ನು ಆ ತಂತ್ರಾಂಶ ಬರೆದವರೂ ತೆರೆದುಕೊಡಲಾರರು. ಹಾಗಾಗಿ ಪಾಸ್‌ವರ್ಡನ್ನು ಕಾಗದದ ಮೇಲೆ ಸ್ಪಷ್ಟವಾಗಿ ಬರೆದು, ಲಕೋಟೆಗೆ ಹಾಕಿ, ಅರಗು ಒತ್ತಿ ಬ್ಯಾಂಕ್ ಲಾಕರಿನಲ್ಲಿಡಿ. ಇನ್ನೊಂದು ಲಕೋಟೆ ಅಧ್ಯಕ್ಷರ ಮನೆಯಲ್ಲಿರಲಿ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ. ಧಾರವಾಡದ ಒಂದು ಶಾಲೆಯ ವೆಬ್‌ಸೈಟ್ ಪ್ರವೇಶಾತಿಯ ಹೊತ್ತಿಗೆ ಮಾಯವಾಯಿತು. ವಿಚಾರಿಸಿದರೆ ಆರು ವರ್ಷಗಳ ಹಿಂದೆ ಅದನ್ನು ಕಟ್ಟಿಕೊಟ್ಟ ಹುಡುಗ ಡೊಮೇನನ್ನು ತನ್ನ ಸ್ವಂತ ಇಮೇಲಿನಲ್ಲಿ ನೋಂದಾಯಿಸಿದ್ದ. ಅವನು ಪುಣೆಗೆ ಕೆಲಸಕ್ಕೆ ಹೋಗಿದ್ದ, ನಂಬರು ಬದಲಾಗಿತ್ತು. ನವೀಕರಣದ ನೋಟಿಸುಗಳು ಅವನು ತೆರೆಯದ ಆ ಹಳೆಯ ಇಮೇಲಿಗೆ ಹೋಗುತ್ತಲೇ ಇದ್ದವು. ಅವನು ಕೆಟ್ಟವನಲ್ಲ, ಯಾರೂ ಅವನಿಗೆ ಬೇರೆ ಹೇಳಿರಲಿಲ್ಲ. ಶಾಲೆ ಕೊನೆಗೆ ಬೇರೆ ಹೆಸರು ಕೊಂಡು, ಅಚ್ಚಾಗಿದ್ದ ಪ್ರವೇಶ ಪತ್ರಗಳ ಮೇಲೆ ಹೊಸ ವಿಳಾಸದ ಚೀಟಿ ಅಂಟಿಸಬೇಕಾಯಿತು. ಡೊಮೇನ್, ಹೋಸ್ಟಿಂಗ್, ಕ್ಲೌಡ್ ಮೂರೂ ಸಂಸ್ಥೆಯ ಹೆಸರಿನಲ್ಲಿ, ಹುದ್ದೆಗೆ ಸೇರಿದ ಇಮೇಲಿನಲ್ಲಿ ಇರಬೇಕು. ಕಾರ್ಯದರ್ಶಿ ಬದಲಾದಾಗ ಕೀಲಿಗೊಂಚಲಿನ ಜೊತೆ ಅದೂ ಕೈ ಬದಲಾಯಿಸಬೇಕು. ಹೋಸ್ಟಿಂಗ್ ಒಂದು ಕಂಪನಿಯಲ್ಲಿದ್ದರೆ ಬ್ಯಾಕಪ್ ಇನ್ನೊಂದರಲ್ಲಿರಲಿ. ಒಂದು ಖಾತೆ ಮುಚ್ಚಿದರೆ ಎರಡೂ ಹೋಗಬಾರದು.

ವಾಪಸು ತಂದು ನೋಡುವುದು

ಹಾವೇರಿಯ ಸಂಘಕ್ಕೆ ಇದನ್ನೆಲ್ಲ ಹಾಕಿಕೊಟ್ಟ ಮೇಲೆ ಒಂದು ಎರಡನೆಯ ಶನಿವಾರ ತಾಲೀಮು ಇಟ್ಟುಕೊಂಡೆವು. ಖಾಲಿ ಲ್ಯಾಪ್‌ಟಾಪ್ ಒಂದನ್ನು ಮೇಜಿನ ಮೇಲಿಟ್ಟು, ಕಚೇರಿಯ ಕಂಪ್ಯೂಟರ್ ಇಲ್ಲವೇ ಇಲ್ಲ ಎಂದುಕೊಂಡು, ಕ್ಲೌಡ್‌ನಿಂದ ಲೆಕ್ಕವನ್ನು ಇಳಿಸಿದೆವು. ಅಂಕಿಗಳೆಲ್ಲ ಸರಿಯಾಗಿ ಬಂದವು. ಸದಸ್ಯರ ಹೆಸರುಗಳು ಬರಲಿಲ್ಲ. ಪ್ರತಿ ಹೆಸರಿನ ಜಾಗದಲ್ಲೂ ರೋಮನ್ ಲಿಪಿಯ ವಿಚಿತ್ರ ಗುರುತುಗಳ ಸಾಲು. ಎರಡು ಸಾವಿರಕ್ಕೂ ಹೆಚ್ಚು ಖಾತೆಗಳು, ಯಾರ ಹಣ ಯಾರದು ಎಂದು ಹೇಳಲು ಒಂದು ಹೆಸರೂ ಇಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆಲ್ಲ ಇದು ಗೊತ್ತಿರಬೇಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಹಿಡಿಯುತ್ತದೆ. 'ಕಿ' ಎಂದು ಬರೆದರೆ ಕಕಾರಕ್ಕೆ ಮೂರು, ಗುಡಿಸಿಗೆ ಮೂರು, ಒಟ್ಟು ಆರು. ಲೆಕ್ಕವೆಲ್ಲ ಕೂಡಿಟ್ಟಿರುವ ಡೇಟಾಬೇಸಿನಿಂದ ಹೊರಗೆ ಬರುವಾಗಲೋ ಒಳಗೆ ಹೋಗುವಾಗಲೋ ಯಾವುದಾದರೂ ಒಂದು ಹಂತದಲ್ಲಿ ತಂತ್ರಾಂಶ ಇದನ್ನು ಒಂದೊಂದೇ ಬೈಟಿನ ಹಳೆಯ ಐರೋಪ್ಯ ಸಂಕೇತ ಎಂದುಕೊಂಡರೆ ಹೆಸರು ಕೆಡುತ್ತದೆ. ವಿಚಿತ್ರ ಗುರುತುಗಳಾಗಿ ಕೆಟ್ಟರೆ ಬೈಟುಗಳು ಉಳಿದಿರುವ ಸಾಧ್ಯತೆ ಇದೆ, ಹಿಂದಕ್ಕೆ ತಿರುಗಿಸಿ ಸರಿಪಡಿಸಬಹುದು. ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರೆಯಲ್ಪಟ್ಟರೆ ಆ ಪ್ರತಿಯಲ್ಲಿ ಹೆಸರು ಸತ್ತಂತೆಯೇ. ನಮ್ಮಲ್ಲಿ ತಪ್ಪು ನನ್ನದೇ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ (ಆಜ್ಞೆ ಬರೆದು ಕೆಲಸ ಮಾಡಿಸುವ ಉಪಕರಣ) ಡೇಟಾಬೇಸಿನ ಪ್ರತಿಯನ್ನು ಬಾಣದ ಗುರುತಿನ (>) ಮೂಲಕ ಕಡತಕ್ಕೆ ತಿರುಗಿಸಿದ್ದೆ. ಆ ದಾರಿಯಲ್ಲಿ ಪವರ್‌ಶೆಲ್ ಅಕ್ಷರಗಳನ್ನು ತನ್ನ ಸಂಕೇತಕ್ಕೆ ಬದಲಾಯಿಸಿಬಿಡುತ್ತದೆ. ಆ ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ ಪ್ರತಿ ತೆಗೆಯುವ ಉಪಕರಣಕ್ಕೇ ಕಡತದ ಹೆಸರು ಕೊಟ್ಟು ನೇರವಾಗಿ ಬರೆಸಬೇಕಿತ್ತು. ಸಂಕೇತ ಯುಟಿಎಫ್8ಎಂಬಿ4 ಎಂದು ಎರಡೂ ಕಡೆ ಹೇಳಬೇಕಿತ್ತು.

ಅದೇ ತಾಲೀಮಿನಲ್ಲಿ ಇನ್ನೊಂದು ಕೊರತೆಯೂ ಸಿಕ್ಕಿತು. ಹಳೆಯ ಠರಾವುಗಳ ಕಡತಗಳು ನುಡಿಯ ಹಳೆಯ ಫಾಂಟಿನಲ್ಲಿದ್ದವು, ಯೂನಿಕೋಡ್‌ನಲ್ಲಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲದೆ ಎಲ್ಲ ಠರಾವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡವು. ಅಂದಿನಿಂದ ಫಾಂಟಿನ ಕಡತವೂ, ಲೆಕ್ಕದ ತಂತ್ರಾಂಶದ ಅನುಸ್ಥಾಪನಾ ಕಡತವೂ, ಅದರ ಪರವಾನಗಿ ಸಂಖ್ಯೆಯೂ ಪ್ರತಿಯ ಜೊತೆಗೇ ಹೋಗುತ್ತವೆ.

ಮುಂದಿನ ತಿಂಗಳ ಎರಡನೆಯ ಶನಿವಾರ ಮತ್ತೆ ಕುಳಿತೆವು. ಈ ಸಲ ನಾನು ಕೈ ಹಾಕಲಿಲ್ಲ. ಹಾಳೆಯ ಮೇಲೆ ಬರೆದುಕೊಟ್ಟಿದ್ದ ಹಂತಗಳನ್ನು ನೋಡಿಕೊಂಡು ಕಚೇರಿಯ ಹುಡುಗಿಯೇ ಮಾಡಿದಳು. ಗೋಡೆಯ ಗಡಿಯಾರದಲ್ಲಿ ನಲವತ್ತು ನಿಮಿಷ ಕಳೆದಿತ್ತು. ಕಾಕಾ ಕಪಾಟಿನಿಂದ ಯಾವುದೋ ಒಂದು ಪಾಸ್‌ಬುಕ್ ತೆಗೆದು, ಕನ್ನಡಕ ಏರಿಸಿಕೊಂಡು, ಸದಸ್ಯರ ಹೆಸರನ್ನು ಗಟ್ಟಿಯಾಗಿ ಓದಿದರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳಿಟ್ಟು ಅದೇ ಹೆಸರನ್ನು ಹುಡುಕಿದರು, ಬಾಕಿಯನ್ನು ಪೈಸೆಯವರೆಗೆ ತಾಳೆ ನೋಡಿದರು. ಆಮೇಲೆ ಇನ್ನೊಂದು ಪಾಸ್‌ಬುಕ್ ತೆಗೆದರು.